ವಸಡಿನಲ್ಲಿ ರಕ್ತ: ನೋವಿಲ್ಲ ಅಂತ ಬಿಡಬೇಡಿ



ಸಂಘದ ಸಭೆಗಳಲ್ಲಿ ಬಿ.ಪಿ., ಶುಗರ್, ರಕ್ತಹೀನತೆ ಬಗ್ಗೆ ಮಾತಾಡುತ್ತೇವೆ. ಬಾಯಿಯ ಬಗ್ಗೆ ಯಾರೂ ಕೇಳುವುದಿಲ್ಲ. ನಾವಾಗಿಯೇ ವಿಚಾರಿಸಿದರೆ, "ಹಲ್ಲುಜ್ಜುವಾಗ ಸ್ವಲ್ಪ ರಕ್ತ ಬರುತ್ತೆ ಮೇಡಂ, ನೋವೇನಿಲ್ಲ. ಅದಕ್ಕೆ ಆ ಕಡೆ ಉಜ್ಜೋದೇ ಬಿಟ್ಟಿದೀನಿ" ಅನ್ನುವವರು ಇದ್ದೇ ಇರುತ್ತಾರೆ. ವಸಡಿನ ರೋಗ ಬೆಳೆಯುವುದೇ ಹೀಗೆ, ನೋವಿಲ್ಲದೆ.

ರಕ್ತ ಯಾಕೆ ಬರುತ್ತದೆ? ಹಲ್ಲಿನ ಬುಡದಲ್ಲಿ ದಿನವೂ ತೆಳುವಾದ ಅಂಟು ಪದರ ಕೂರುತ್ತದೆ. ಪಾಚಿ ಅನ್ನುವುದು ಇದನ್ನೇ. ಅದರ ತುಂಬ ರೋಗಾಣುಗಳು. ಬ್ರಷ್ ಮಾಡಿದರೆ ಹೋಗುತ್ತದೆ, ಹಾಗೇ ಬಿಟ್ಟರೆ ಗಾರೆಯಂತೆ ಗಟ್ಟಿಯಾಗುತ್ತದೆ. ನಮ್ಮ ಯಲಹಂಕ, ಹೆಬ್ಬಾಳದ ಕಡೆ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದಿಲ್ಲವೇ, ಹಾಗೆ. (ಬೋರ್‌ವೆಲ್ ನೀರಿನಿಂದಲೇ ಹಲ್ಲಿಗೆ ಗಾರೆ ಬರುತ್ತದೆ ಎಂದು ತಿಳಿಯಬೇಡಿ. ಇದು ನಮ್ಮ ಜೊಲ್ಲಿನಲ್ಲಿರುವ ಸುಣ್ಣದ ಅಂಶ.) ಆ ಪಾತ್ರೆಯನ್ನು ಬಟ್ಟೆಯಲ್ಲಿ ಒರೆಸಿದರೆ ಪದರ ಹೋಗುವುದಿಲ್ಲ, ಕೆರೆದೇ ತೆಗೆಯಬೇಕು. ಹಲ್ಲಿನ ಗಾರೆಯೂ ಬ್ರಷ್‌ಗೆ ಬಗ್ಗುವುದಿಲ್ಲ.

ಮೊದಲ ಹಂತದಲ್ಲಿ ವಸಡು ಕೆಂಪಾಗಿ ಊದಿಕೊಂಡು ರಕ್ತ ಬರುತ್ತದೆ ಅಷ್ಟೆ. ರಕ್ತ ಬರುವ ಜಾಗವನ್ನೇ ಮೃದುವಾಗಿ, ಬಿಡದೆ ಉಜ್ಜಿದರೆ ಒಂದೆರಡು ವಾರದಲ್ಲಿ ಕಡಿಮೆಯಾಗುವುದುಂಟು. ಆಗಲೂ ನಿಲ್ಲದಿದ್ದರೆ ಒಳಗೆ ಗಾರೆ ಇದೆ ಎಂದೇ ತಿಳಿದು ಡಾಕ್ಟರಿಗೆ ತೋರಿಸಿ. ತೋರಿಸದೆ ವರ್ಷಗಟ್ಟಲೆ ಬಿಟ್ಟರೆ ಬಾಯಿ ವಾಸನೆ, ಕೀವು, ವಸಡು ಜಾರಿ ಹಲ್ಲು ಉದ್ದವಾಗಿ ಕಾಣುವುದು, ಕೊನೆಗೆ ಹಲ್ಲು ಅಲುಗುವುದು. ಅಷ್ಟರಲ್ಲಿ ಹಲ್ಲನ್ನು ಹಿಡಿದಿಟ್ಟ ಮೂಳೆಯೇ ಕರಗಿರುತ್ತದೆ. ಹೋದ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲ. ಚಿಕಿತ್ಸೆಯಿಂದ ಉಳಿದದ್ದನ್ನು ಉಳಿಸಿಕೊಳ್ಳಬಹುದು. ನಲವತ್ತು ದಾಟುವಷ್ಟರಲ್ಲಿ ದವಡೆ ಹಲ್ಲು ಹೋದರೆ ಮುದ್ದೆಯೇನೋ ನುಂಗಬಹುದು, ಕಡಲೆಕಾಯಿ, ಮೊಳಕೆ ಕಾಳು, ಚಪಾತಿ ಅಗಿಯುವುದು ಎಲ್ಲಿ?

"ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ" ಎಂಬ ಮಾತು ಎಲ್ಲ ಬಡಾವಣೆಗಳಲ್ಲೂ ಇದೆ. ಇದರಿಂದ ಎಷ್ಟೋ ಜನ ಆಸ್ಪತ್ರೆ ಮೆಟ್ಟಿಲೇ ಹತ್ತುವುದಿಲ್ಲ. ನಿಜ ಏನೆಂದರೆ, ಸಂದಿಯಲ್ಲಿ ತುಂಬಿದ್ದ ಗಾರೆ ಹೋದಾಗ ಆ ಸಂದಿ ನಾಲಿಗೆಗೆ ಸಿಗುತ್ತದೆ. ಕೆಲವು ದಿನ ತಣ್ಣೀರು ಜುಮ್ ಅನ್ನಬಹುದು. ಮೂಳೆ ಮೊದಲೇ ಕರಗಿದ್ದರೆ, ಗಾರೆಯ ಹಿಡಿತದಲ್ಲಿ ಅಡಗಿದ್ದ ಅಲುಗಾಟ ಈಗ ತಿಳಿಯುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ನುಂಗಿದರೆ ಊತ ಇಳಿಯಬಹುದು, ಗಾರೆ ಅಲ್ಲೇ ಇರುತ್ತದೆ. ತಿಂಗಳು ಕಳೆದ ಮೇಲೆ ಮತ್ತೆ ಅದೇ ಕಥೆ.

ಶುಗರ್ ಇರುವ ಸದಸ್ಯೆಯರು ಇಲ್ಲಿ ಗಮನ ಕೊಡಿ. ಶುಗರ್ ಹತೋಟಿ ತಪ್ಪಿದರೆ ವಸಡಿನ ರೋಗ ಹೆಚ್ಚುತ್ತದೆ. ವಸಡಿನ ರೋಗ ಇದ್ದರೆ ಶುಗರ್ ಹತೋಟಿಗೆ ಬರುವುದೂ ಕಷ್ಟ. ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಬೇಕು. ಗರ್ಭಿಣಿಯರಲ್ಲಿ ವಸಡು ಬೇಗ ಊದುತ್ತದೆ. "ಹೆರಿಗೆ ಆಗಲಿ, ಆಮೇಲೆ ನೋಡೋಣ" ಅನ್ನಬೇಕಿಲ್ಲ. ಕ್ಲೀನಿಂಗ್ ಆಗಲೂ ಮಾಡಿಸಬಹುದು, ನಾಲ್ಕರಿಂದ ಆರನೇ ತಿಂಗಳು ಅನುಕೂಲ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಒತ್ತರಿಸಿಕೊಳ್ಳುವವರಿಗೆ ಆ ಜಾಗದಲ್ಲೇ ವಸಡು ಜಾರುತ್ತದೆ. ಕ್ಯಾನ್ಸರ್ ಭಯ ಬೇರೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು, ಆದರೂ ಅಡಿಕೆ ಒಂದು ಪ್ಯಾಕೆಟ್, ತಂಬಾಕು ಒಂದು ಪ್ಯಾಕೆಟ್ ಕೊಂಡು ಬೆರೆಸಿ ತಿನ್ನುವವರನ್ನು ಕಾಣುತ್ತೇವೆ. ಬಾಯಲ್ಲಿ ಬಿಳಿ ಮಚ್ಚೆ, ಮೂರು ವಾರಕ್ಕೂ ಮಾಯದ ಹುಣ್ಣು ಇದ್ದರೆ ತಡಮಾಡದೆ ತೋರಿಸಿ.

ಮನೆಯಲ್ಲಿ ಏನು ಮಾಡಬೇಕು? ಮೆತ್ತನೆಯ ಬ್ರಷ್ ಸಾಕು, ದುಬಾರಿಯದು ಬೇಡ. ಇಟ್ಟಿಗೆ ಪುಡಿ, ಇದ್ದಿಲು, ಬೂದಿ ಹಲ್ಲನ್ನು ಸವೆಸುತ್ತವೆ. ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು, ಪಾತ್ರೆ ತಿಕ್ಕುವ ಹಾಗೆ ಬಲ ಹಾಕದೆ, ಎರಡು ನಿಮಿಷ ಉಜ್ಜಿ. ಗಾರ್ಮೆಂಟ್ಸ್‌ಗೆ ಹೋಗುವವರಿಗೆ ಬೆಳಿಗ್ಗೆ ಬಸ್ಸು ಹಿಡಿಯುವ ಆತುರ, ನಿಜ. ಹಾಗಾದರೆ ರಾತ್ರಿ ಮಲಗುವ ಮುಂಚಿನ ಉಜ್ಜುವಿಕೆಯನ್ನಂತೂ ತಪ್ಪಿಸಬೇಡಿ. ಉಗುರುಬೆಚ್ಚನೆಯ ಉಪ್ಪುನೀರು ಹಿತ ಕೊಡುತ್ತದೆ, ಗಾರೆ ತೆಗೆಯುವುದಿಲ್ಲ.

ತೋರಿಸಲು ದೂರ ಹೋಗಬೇಕಿಲ್ಲ. ಯಲಹಂಕದ ಆಚೆ ಹುಣಸಮಾರನಹಳ್ಳಿಯಲ್ಲಿ ಕೃಷ್ಣದೇವರಾಯ ದಂತ ಕಾಲೇಜು, ಹೆಬ್ಬಾಳ-ಆರ್.ಟಿ. ನಗರದವರಿಗೆ ಚೋಳನಗರದ ರಾಜೀವ್ ಗಾಂಧಿ ದಂತ ಕಾಲೇಜು, ಯಶವಂತಪುರ, ಮತ್ತಿಕೆರೆಯವರಿಗೆ ರಾಮಯ್ಯ ದಂತ ಕಾಲೇಜು ಇವೆ. ಸರ್ಕಾರಿ ದಂತ ಕಾಲೇಜು ಕೋಟೆ ಬಳಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿದೆ. ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಹಿರಿಯ ಡಾಕ್ಟರರ ಉಸ್ತುವಾರಿಯಲ್ಲಿ ಚಿಕಿತ್ಸೆ ಕೊಡುತ್ತಾರೆ. ಸಮಯ ಹಿಡಿಯುತ್ತದೆ, ಆದರೆ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಖರ್ಚು ಕಡಿಮೆ. ದಂತ ಕಾಲೇಜುಗಳಲ್ಲಿ ಶಿಬಿರ ನಡೆಸುವ ವಿಭಾಗವೂ ಇರುತ್ತದೆ. ಮೂರ್ನಾಲ್ಕು ಸಂಘಗಳು ಸೇರಿ ಪತ್ರ ಬರೆದು ನಿಮ್ಮ ಬಡಾವಣೆಗೇ ಕರೆಸಲು ಕೇಳಿ.

ಹೋಗುವಾಗ ರೇಷನ್ ಕಾರ್ಡ್ ಜೊತೆಗಿರಲಿ. ಶುಗರ್, ಬಿ.ಪಿ., ಹೃದಯದ ತೊಂದರೆ, ರಕ್ತ ತೆಳುವಾಗಿಸುವ ಮಾತ್ರೆ, ಗರ್ಭ, ಯಾವುದಿದ್ದರೂ ಮೊದಲೇ ಹೇಳಿ. ಮಾತ್ರೆಯ ಹೆಸರು ಗೊತ್ತಿಲ್ಲದಿದ್ದರೆ ಖಾಲಿ ಪಟ್ಟಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿ.