ನೂರಿಯ ಪಿಂಚಣಿ

ರೇಸು ಮುಗಿಸಿದ ಥರೋಬ್ರೆಡ್ ಕುದುರೆ ಹೈದರಾಬಾದಿನಲ್ಲಿ ಕೆಲವೊಮ್ಮೆ ಹಳೆಯ ಸ್ಕೂಟರಿನ ಬೆಲೆಗೆ ಸಿಗುತ್ತದೆ. ಮಾಲೀಕರು ಮನಸ್ಸು ಮಾಡಿದರೆ ಬಿಟ್ಟಿಯೂ ಸಿಗುತ್ತದೆ. ಅದರ ಓಟದ ದಿನಗಳು ಬಹುಪಾಲು 6–7ನೇ ವರ್ಷಕ್ಕೆ ಮುಗಿದಿರುತ್ತವೆ. ಆಯಸ್ಸು ಮಾತ್ರ 25 ವರ್ಷ, ಚೆನ್ನಾಗಿ ನೋಡಿಕೊಂಡರೆ ಅದಕ್ಕೂ ಮೇಲೆ. ಮಾರುವವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು, ಅದಕ್ಕೇ ಬೆಲೆಯ ಮಾತಿನಲ್ಲಿ ಅವರು ಅಷ್ಟು ಧಾರಾಳಿಗಳು. ಮೊದಲ ಸಲ ಕುದುರೆಯ ಕಣ್ಣು ನೋಡಿ ಕರಗಿದವರಿಗೆ ಗೊತ್ತಿರುವುದಿಲ್ಲ.

ನಾನು ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ತೂಗುತ್ತಲೇ ನಿವೃತ್ತಿಗೆ ಬಂದವಳು. ಕುದುರೆ ಹತ್ತಿದ್ದು ಅದಕ್ಕಿಂತ ಬಹಳ ಮುಂಚೆ. ನಮ್ಮದು ಮಕ್ತಲ್ ಸೀಮೆಯ ಹಳ್ಳಿ. ಕೃಷ್ಣೆಯೂ ಭೀಮೆಯೂ ಕೂಡುವ ತಂಗಡಿ ನಮಗೆ ದೂರವಲ್ಲ. ಮನೆಯೊಳಗೆ ಕನ್ನಡ, ಪೇಟೆಯಲ್ಲಿ ತೆಲುಗು, ಅಜ್ಜನ ಕಾಲದ ಕಾಗದಪತ್ರಗಳಲ್ಲಿ ಉರ್ದು. ಬೇಸಿಗೆಯಲ್ಲಿ ಕುರಿ ಹಿಂಡು ಬಂದು ಹೊಲದಲ್ಲಿ ತಂಗಿದಾಗ ಕುರುಬರ ಸಾಮಾನು ಹೊತ್ತ ತಟ್ಟು ಕುದುರೆಯೂ ಬರುತ್ತಿತ್ತು. ನಾನು ಮೊದಲು ಕೂತಿದ್ದು ಅದರ ಮೇಲೆ, ಜೀನಿಲ್ಲದೆ, ಕಂಬಳಿಯ ಮೇಲೆ. ಭೀಮಾ ಕಣಿವೆಯ ಈ ಗಿಡ್ಡ, ಗಟ್ಟಿ ಕುದುರೆಗಳಿಗೆ ಭೀಮಥಡಿ ಎಂಬ ಹೆಸರಿದೆ, ದೇಶದ ಅಧಿಕೃತ ತಳಿಗಳ ಪಟ್ಟಿಗೆ ಈಚೆಗೆ ಸೇರಿತು ಎಂಬುದೆಲ್ಲ ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ನಾನು ಮುಂದೆ ಊರು ಬಿಟ್ಟು, ಕೆಲಸ ಹಿಡಿದು, ಸಂಬಳದಲ್ಲಿ ಕುದುರೆ ಸವಾರಿಗೆ ದುಡ್ಡು ಕಟ್ಟುತ್ತಿದ್ದೇನೆಂದು ತಿಳಿದಾಗ ಅವ್ವ ಕೇಳಿದ್ದು: "ಹಾಲ್ ಕೊಡಂಗಿಲ್ಲ, ನೇಗಿಲಾ ಎಳಿಯಂಗಿಲ್ಲ. ಅದರ ಹಿಂದ ಬೀಳಾಕ ನೀ ಏನ್ ಗದ್ವಾಲ ರಾಣಿ ಏನವ್ವ? ಆ ದುಡ್ಡಿನಾಗ ವರ್ಷಕ್ಕ ಎರಡ್ ಗದ್ವಾಲ ಸೀರಿ ಬರ್ತಿದ್ವು." ಓದು ಬರಹ ಕಲಿಯದ ಅವ್ವ ಕೇಳಿದ್ದು ನೇರ ಹಣಕಾಸಿನ ಪ್ರಶ್ನೆ. ಈ ದುಡ್ಡು ಬೇರೆ ಎಲ್ಲಿ ಹೋಗಬಹುದಿತ್ತು ಎಂಬುದು ನಾನು ಸಾಲದ ಅರ್ಜಿದಾರರಿಗೆ ಕೇಳುತ್ತಿದ್ದ ಪ್ರಶ್ನೆಯೇ.

ರಾಣಿಯರ ವಿಷಯಕ್ಕೆ ಬಂದರೆ, ದಖ್ಖನಿನಲ್ಲಿ ಕುದುರೆ ಏರಿದ ಹೆಂಗಸರಿಗೆ ಬರವಿಲ್ಲ. ಬಿಜಾಪುರದ ಚಾಂದ್ ಬೀಬಿ ಕುದುರೆಯ ಮೇಲೆ ಡೇಗೆ ಹಿಡಿದು ಕೂತಿರುವ ಚಿತ್ರಗಳನ್ನು ನೀವೂ ನೋಡಿರಬಹುದು. ಆದರೆ ಆಕೆಯ ಲಾಯದ ಖರ್ಚು ಖಜಾನೆಯದು. ನನಗೆ ಹತ್ತಿರದವಳು ಹೈದರಾಬಾದಿನ ಮಹ್ ಲಖಾ ಬಾಯಿ ಚಂದಾ. 1768ರಲ್ಲಿ ಹುಟ್ಟಿ 1824ರಲ್ಲಿ ತೀರಿಕೊಂಡ ಆಸ್ಥಾನ ಗಾಯಕಿ, ನರ್ತಕಿ, ಉರ್ದು ಕವಿ. 1798ರಲ್ಲೇ ತನ್ನ ಕವಿತೆಗಳ ದೀವಾನ್ ಸಿದ್ಧಮಾಡಿದವಳು. ಸವಾರಿ, ಬಿಲ್ಲುವಿದ್ಯೆ ಎರಡೂ ಬಲ್ಲವಳು. ನಿಜಾಮ್ ಅಲಿ ಖಾನನ ದಂಡಿನ ಜೊತೆ ಗಂಡುಡುಗೆ ತೊಟ್ಟು ಯುದ್ಧಭೂಮಿಗೂ ಹೋದವಳು. ಆಕೆಗೆ ಜಹಗೀರುಗಳಿದ್ದವು, ತನ್ನ ಹೆಸರಿನಲ್ಲೇ ಇದ್ದವು. ಇಂದು ಉಸ್ಮಾನಿಯಾ ವಿಶ್ವವಿದ್ಯಾಲಯ ನಿಂತಿರುವ ಅಡಿಕ್‌ಮೆಟ್ ಕಡೆಯ ನೆಲವೂ ಅದರಲ್ಲಿ ಸೇರಿತ್ತು. ಮೌಲಾ ಅಲಿ ಗುಡ್ಡದ ಬುಡದಲ್ಲಿ ಆಕೆಯ ಸಮಾಧಿಗೆ ಹೋದವರು ಕವಿತೆಯ ಮಾತಾಡುತ್ತಾರೆ. ನಾನು ಜಹಗೀರಿನ ಬಗ್ಗೆ ಯೋಚಿಸುತ್ತೇನೆ. ಗಂಡನ ಔದಾರ್ಯದ ಮೇಲೆ, ಅಪ್ಪನ ಪ್ರೀತಿಯ ಮೇಲೆ ನಿಂತ ಸವಾರಿ ಅವರ ಮನಸ್ಸು ತಿರುಗಿದ ದಿನ ನಿಲ್ಲುತ್ತದೆ. ನನ್ನ ಜೊತೆ ಕಲಿತ ಹುಡುಗಿಯರಲ್ಲಿ ಎಷ್ಟೋ ಜನ ಮದುವೆಯ ವರ್ಷ ನಿಲ್ಲಿಸಿದರು. ಅವರಲ್ಲಿ ನನಗಿಂತ ಚೆನ್ನಾಗಿ ಸವಾರಿ ಮಾಡುವವರಿದ್ದರು. ಅವರಿಗಿಲ್ಲದ್ದು ತಮ್ಮದೇ ಪಾಸ್‌ಬುಕ್ಕು.

ಬಹಳ ವರ್ಷ ನಾನು ಸ್ವಂತ ಕುದುರೆ ಕೊಳ್ಳಲಿಲ್ಲ. ಬ್ಯಾಂಕಿನವರಿಗೆ ವರ್ಗಾವಣೆ ತಪ್ಪಿದ್ದಲ್ಲ, ಕುದುರೆಗೆ ವರ್ಗಾವಣೆ ಆದೇಶ ಬರುವುದಿಲ್ಲ. ಹಾಗಾಗಿ ಬೇರೆಯವರ ಕುದುರೆ ಹತ್ತಿದೆ. ಮಾಲೀಕರು ಊರಲ್ಲಿಲ್ಲದಾಗ ಅದನ್ನು ಆಡಿಸಲು ಜನ ಬೇಕು, ನನಗೆ ಕುದುರೆ ಬೇಕು. ಆಮೇಲೆ ಅರ್ಧ ಲೀಸು: ತಿಂಗಳ ಖರ್ಚಿನಲ್ಲಿ ಅರ್ಧ ನನ್ನದು, ವಾರದಲ್ಲಿ ಅರ್ಧ ದಿನಗಳು ನನ್ನವು. ನಮ್ಮೂರಲ್ಲಿ ಒಂದೊಂದೇ ಎತ್ತಿದ್ದ ಇಬ್ಬರು ರೈತರು ಕೂಡಿ ಜೋಡಿ ಕಟ್ಟಿ ಸರದಿಯ ಮೇಲೆ ಇಬ್ಬರ ಹೊಲವನ್ನೂ ಹೂಡುತ್ತಿದ್ದ ಪದ್ಧತಿಯೇ ಇದು. ಕುಂಟು ಬಿದ್ದಾಗ ಔಷಧದ ಖರ್ಚು ಯಾರದು, ಲಾಳ ಯಾರದು ಎಂಬುದನ್ನು ಮಾತ್ರ ಮೊದಲೇ ಕಾಗದದ ಮೇಲೆ ಬರೆದುಕೊಳ್ಳಬೇಕು. ಸ್ನೇಹ ಉಳಿಯುವುದು ಆ ಕಾಗದದಿಂದ.

ಸ್ವಂತ ಕುದುರೆ ಇಲ್ಲದಿರುವುದನ್ನು ಕೀಳಾಗಿ ಕಾಣುವವರಿಗೆ ನಾನು ಬೆಂಗಳೂರಿನ ಫವಾದ್ ಮಿರ್ಜಾ ಅವರ ಹೆಸರು ಹೇಳುತ್ತೇನೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದವರು, 20 ವರ್ಷಗಳ ನಂತರ ಒಲಿಂಪಿಕ್ಸ್‌ನ ಕುದುರೆ ಸವಾರಿಗೆ ಭಾರತದಿಂದ ಹೋದವರು. ಅವರನ್ನು ಹೊತ್ತ ಕುದುರೆ ಸೀನ್ಯೂರ್ ಮೆಡಿಕಾಟ್ ಅವರ ಸ್ವಂತದ್ದಲ್ಲ. ಬೆಂಗಳೂರಿನ ಎಂಬೆಸಿ ರೈಡಿಂಗ್ ಸ್ಕೂಲನ್ನು 1996ರಲ್ಲಿ ಕಟ್ಟಿದ ಜೀತು ವಿರ್ವಾನಿ ಅವರದು. 2023ರಲ್ಲಿ ಹಾಂಗ್‌ಝೌನಲ್ಲಿ ಡ್ರೆಸಾಜ್ ತಂಡದ ಚಿನ್ನ ಬಂತಲ್ಲ, 1982ರ ನಂತರ ಕುದುರೆ ಸವಾರಿಯಲ್ಲಿ ನಮಗೆ ಬಂದ ಮೊದಲ ಚಿನ್ನ, ಅದರಲ್ಲಿ ಇದ್ದ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್ ಇಬ್ಬರೂ ತಯಾರಾದದ್ದು ಯುರೋಪಿನಲ್ಲಿ ಇದ್ದು. ರೋಗಮುಕ್ತ ವಲಯದ ಮಾನ್ಯತೆ ಇಲ್ಲದ್ದರಿಂದ ಭಾರತದ ಕುದುರೆಗಳಿಗೆ ಅಂಥ ಸ್ಪರ್ಧೆಗಳಿಗೆ ನೇರವಾಗಿ ಹೋಗಲಾಗುತ್ತಿರಲಿಲ್ಲ. ಮೀರತ್‌ನ ಸೇನಾ ಕೇಂದ್ರಕ್ಕೆ ಅಂಥ ಮಾನ್ಯತೆ ಸಿಕ್ಕಿದ್ದು 2025ರ ಜುಲೈನಲ್ಲಿ. ಅಲ್ಲಿಯವರೆಗೆ ಕುದುರೆಯ ಖರ್ಚಿನ ಜೊತೆಗೆ ಪರದೇಶದ ಸಂಸಾರದ ಖರ್ಚು. ಪದಕದ ಫೋಟೋದಲ್ಲಿ ಇದು ಕಾಣುವುದಿಲ್ಲ.

ಹೈದರಾಬಾದಿಗೆ ಬಂದು ಇನ್ನು ಕದಲುವುದಿಲ್ಲ ಎಂದು ಗಟ್ಟಿಯಾದ ಮೇಲೆ ನೂರಿಯನ್ನು ತಂದೆ. ಟ್ರ್ಯಾಕಿನಿಂದ ಬಂದ ಹೆಣ್ಣು ಕುದುರೆ, ಕಂದು ಬಣ್ಣ. ತರುವ ಮುಂಚೆ ಒಂದು ಹಾಳೆಯಲ್ಲಿ ಅದರ ಹೊಟ್ಟೆಯ ಲೆಕ್ಕ ಬರೆದೆ. 450 ಕಿಲೋ ತೂಗುವ ಕುದುರೆ ದಿನಕ್ಕೆ ಮೈತೂಕದ ಶೇ 2ರಷ್ಟು ಒಣ ಮೇವು ತಿನ್ನುತ್ತದೆ, ಅಂದರೆ 9 ಕಿಲೋ. ವರ್ಷಕ್ಕೆ 3 ಟನ್ನಿಗೂ ಮೇಲೆ. ಹುರುಳಿ, ಬೂಸಾ, ಕುದುರೆ ಮಸಾಲೆ ಸೊಪ್ಪು ಬೇರೆ. ಆರರಿಂದ ಎಂಟು ವಾರಕ್ಕೊಮ್ಮೆ ನಾಲ್‌ಬಂದ್ ಬಂದು ಗೊರಸು ಕೊರೆದು ಲಾಳ ಕಟ್ಟಬೇಕು. ಜಂತಿನ ಔಷಧ, ಧನುರ್ವಾಯು ಚುಚ್ಚುಮದ್ದು, ಹಲ್ಲು ಉಜ್ಜಿಸುವುದು. ನಾನು ಇಟ್ಟ ತಬೇಲಾದಲ್ಲಿ ಜಾಗ, ಮೇವು, ಕುದುರೆ ನೋಡಿಕೊಳ್ಳುವ ಸೈಸನ ಸಂಬಳ ಸೇರಿ ತಿಂಗಳಿಗೆ 25 ಸಾವಿರದ ಆಸುಪಾಸು. ವರ್ಷಕ್ಕೆ 3 ಲಕ್ಷ. ಕುದುರೆಗೆ ಕೊಟ್ಟ ಬೆಲೆ ಎರಡು ತಿಂಗಳ ಬಾಡಿಗೆಯಷ್ಟೂ ಇರಲಿಲ್ಲ.

ಇದರ ಮೇಲೆ ಹೊಟ್ಟೆ ಶೂಲೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಕೆಟ್ಟರೆ ಕರುಳಲ್ಲೇ ಉಳಿಯುತ್ತದೆ. ಕೋಲಿಕ್ ಬಂದ ರಾತ್ರಿ ಡಾಕ್ಟರು, ಲಾರಿ, ಆಸ್ಪತ್ರೆ ಎಂದು ಓಡುವಾಗ ಲಕ್ಷ ರೂಪಾಯಿಯ ಮಾತು ಬೆಳಗಾಗುವುದರೊಳಗೆ ಬರಬಹುದು. ಅದಕ್ಕಾಗಿ ನಾಲ್ಕು ತಿಂಗಳ ಬಾಡಿಗೆಯಷ್ಟು ಹಣ ಉಳಿತಾಯ ಖಾತೆಯಲ್ಲೇ, ಎಫ್‌ಡಿಯಲ್ಲೂ ಅಲ್ಲ, ಮ್ಯೂಚುವಲ್ ಫಂಡಿನಲ್ಲೂ ಅಲ್ಲ, ಕೈಗೆಟುಕುವಂತೆ ಇಟ್ಟಿದ್ದೆ. ಸವಾರರ ವಿಮೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಅಪಘಾತ ಪಾಲಿಸಿಯಲ್ಲಿ ಅಪಾಯದ ಆಟಗಳನ್ನು ಹೊರಗಿಡುವ ಷರತ್ತು ಇರುತ್ತದೆ, ರೇಸು ಮತ್ತು ಪೋಲೋ ಅದರಲ್ಲಿ ಸಾಮಾನ್ಯ. ನಿಮ್ಮ ಸವಾರಿ ಅದರೊಳಗೆ ಬರುತ್ತದೋ ಇಲ್ಲವೋ ಎಂದು ಬರವಣಿಗೆಯಲ್ಲಿ ಕೇಳಿ, ಉತ್ತರವನ್ನು ಪಾಲಿಸಿಯ ಜೊತೆ ಇಡಿ.

ತೆರಿಗೆಯವರ ಕಣ್ಣಿನಲ್ಲಿ ಕುದುರೆ ಒಂದು ವಿಚಿತ್ರ ಪ್ರಾಣಿ. ಎತ್ತು, ಎಮ್ಮೆ, ಕುರಿಗೆ ಜಿಎಸ್‌ಟಿ ಇಲ್ಲ. ಕತ್ತೆಗೂ ಇಲ್ಲ. ಕುದುರೆಗೆ ಇದೆ. 2017ರಿಂದ ಶೇ 12 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 5. ರೇಸ್ ಕುದುರೆ ಸಾಕಿ ನಷ್ಟವಾದರೆ ಆ ನಷ್ಟವನ್ನು ಸಂಬಳದಲ್ಲೋ ವ್ಯಾಪಾರದ ಲಾಭದಲ್ಲೋ ಕಳೆಯುವಂತಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 74ಎ ಸೆಕ್ಷನ್ ಅದನ್ನು ರೇಸ್ ಕುದುರೆಯ ಆದಾಯದ ವಿರುದ್ಧ ಮಾತ್ರ, ಅದೂ ಮುಂದಿನ 4 ವರ್ಷದವರೆಗೆ ಮಾತ್ರ ಹೊಂದಿಸಲು ಬಿಟ್ಟಿತು. ಸಿರಿವಂತರು ಲಾಯದ ಖರ್ಚನ್ನು ನಷ್ಟವೆಂದು ತೋರಿಸಿ ತೆರಿಗೆ ಉಳಿಸದಿರಲಿ ಎಂದು ಹಾಕಿದ ಬೇಲಿ ಅದು. ನನ್ನಂಥ ಹವ್ಯಾಸಿಗೆ ಆ ಬೇಲಿಯೊಳಗೂ ಜಾಗವಿಲ್ಲ. ನೂರಿಯ ಪ್ರತಿ ರೂಪಾಯಿಯೂ ತೆರಿಗೆ ಕಟ್ಟಿ ಉಳಿದ ಹಣದಿಂದ ಹೋಗಬೇಕು. ಶೇ 20ರ ಸ್ಲ್ಯಾಬಿನಲ್ಲಿ ಇರುವವರು 3 ಲಕ್ಷ ಖರ್ಚು ಮಾಡಲು ಪೌನೆ ನಾಲ್ಕು ಲಕ್ಷ ದುಡಿಯಬೇಕು.

ಈಗ ಶೀರ್ಷಿಕೆಯ ವಿಷಯ. ಸವಾರಿಗೆ ಒದಗುವಷ್ಟು ಕಾಲ ಕುದುರೆಯ ಖರ್ಚು ಯಾರಿಗೂ ಭಾರವೆನಿಸುವುದಿಲ್ಲ. 18–20 ದಾಟಿ ಕೀಲು ಹಿಡಿದ ಮೇಲೆ ಅದು ದುಡಿಯುವುದಿಲ್ಲ, ತಿನ್ನುವುದು ಕಡಿಮೆಯಾಗುವುದಿಲ್ಲ. ಆ ಹೊತ್ತಿಗೆ ಮಾಲೀಕರೂ ಪಿಂಚಣಿಯ ಹತ್ತಿರ ಇರುತ್ತಾರೆ. ನಗರದ ಕುದುರೆಗಳು ಕೈ ಬದಲಾಗುತ್ತ ಇಳಿಯುವುದು ಇಲ್ಲೇ. ರೇಸಿನಿಂದ ಸವಾರಿ ಶಾಲೆಗೆ, ಅಲ್ಲಿಂದ ಮದುವೆ ಮೆರವಣಿಗೆಗೆ, ಅಲ್ಲಿಂದ ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ನೂರಿ ಬಂದ ತಿಂಗಳೇ ಒಂದು ಆರ್‌ಡಿ ತೆರೆದೆ, ತಿಂಗಳಿಗೆ 5,000, 10 ವರ್ಷಕ್ಕೆ. ಫಾರಂ ತುಂಬುವಾಗ ಉದ್ದೇಶ ಏನೆಂದು ಕೇಳಿದ ಸಹೋದ್ಯೋಗಿಗೆ ಕುದುರೆಯ ಪಿಂಚಣಿ ಎಂದೆ. ಕೆವೈಸಿ ಹೇಗೆ ಮಾಡಿಸುತ್ತೀರಿ ಮೇಡಂ ಎಂದರು. ಶೇ 6.5 ಬಡ್ಡಿ ಹಿಡಿದರೆ 10 ವರ್ಷಕ್ಕೆ ಅದು 8.4 ಲಕ್ಷದ ಆಸುಪಾಸು ಆಗುತ್ತದೆ, ಬಡ್ಡಿಯ ಮೇಲಿನ ತೆರಿಗೆ ಕಳೆದರೆ ಸ್ವಲ್ಪ ಕಡಿಮೆ. ಹೈದರಾಬಾದಿನ ತಬೇಲಾದಲ್ಲೇ ಇಟ್ಟರೆ ಮೂರು ವರ್ಷಕ್ಕೆ ಖಾಲಿ. ಆ ಲೆಕ್ಕವೇ ನನ್ನನ್ನು ಊರಿನ ಕಡೆ ತಿರುಗಿಸಿತು.

ಊರು ಈಗ ನನ್ನ ಬಾಲ್ಯದ ಊರಲ್ಲ. ಆಗ ಮಳೆ ನಂಬಿದ ಜೋಳ, ತೊಗರಿ. ಈಗ ಜೂರಾಲದ ಹಿನ್ನೀರನ್ನು ಭೀಮಾ ಏತ ನೀರಾವರಿಯಲ್ಲಿ ಎತ್ತಿ ಸಂಗಂಬಂಡ ಜಲಾಶಯಕ್ಕೆ ತುಂಬುತ್ತಾರೆ, ತಮ್ಮನ ಹೊಲಕ್ಕೂ ನೀರು ಬರುತ್ತದೆ. ನೀರು ಬಂದ ಮೇಲೆ ಎಲ್ಲರಂತೆ ಅವನೂ ಭತ್ತಕ್ಕೆ ಇಳಿದ. ಭತ್ತದ ಹುಲ್ಲು ಕುದುರೆಗೆ ಸಾಲದು. ಹಸಿ ಜೋಳದ ಮೇವು ಅಪಾಯ. ಎಳೆಯದರಲ್ಲಿ ವಿಷ, ಬಹಳ ದಿನ ತಿಂದರೆ ಮೂತ್ರಕೋಶಕ್ಕೆ ಕೇಡು. ಆದ್ದರಿಂದ ತಮ್ಮನ ಜೊತೆ ಕರಾರು ಮಾಡಿಕೊಂಡೆ: 10 ಗುಂಟೆಯಲ್ಲಿ ಕುದುರೆ ಮಸಾಲೆ, ಆ ತುಂಡಿನಿಂದ ಬರುತ್ತಿದ್ದ ಭತ್ತದ ಹಣ ನಾನು ಕೊಡಬೇಕು. ಒಮ್ಮೆ ಬಿತ್ತಿದರೆ ತಿಂಗಳಿಗೊಮ್ಮೆ ಕೊಯ್ಲು, ಮೂರು ನಾಲ್ಕು ವರ್ಷ. ನೋಡಿಕೊಳ್ಳುವವರ ಕೂಲಿ, ಒಣ ಹುಲ್ಲು, ಗೊರಸು ಸೇರಿ ತಿಂಗಳಿಗೆ 9,000. "ಅಕ್ಕಾ, ನನ್ನ ಹೊಲದಾಗ ನನಗ ಬಾಡಿಗಿ ಕೊಡ್ತೀಯಲ್ಲ, ಮಂದಿ ಏನ್ ಅಂದಾರ?" ಎಂದು ತಮ್ಮ ಸಂಕೋಚಪಟ್ಟ. ಕೊಡದಿದ್ದರೆ ಎರಡು ವರ್ಷದ ನಂತರ ನಾದಿನಿ ಏನಂದಾಳು ಎಂಬುದು ನನಗೆ ಗೊತ್ತಿತ್ತು.

8.4 ಲಕ್ಷದಿಂದ ತಿಂಗಳಿಗೆ 9,000 ತೆಗೆದರೆ, ಉಳಿದದ್ದಕ್ಕೆ ಬಡ್ಡಿ ಬರುತ್ತಿದ್ದರೆ, ಸುಮಾರು 10 ವರ್ಷ ನಡೆಯುತ್ತದೆ. ಮೇವು, ಕೂಲಿ ಏರುವುದನ್ನು ಹಿಡಿದರೆ 8. ಕುದುರೆಯ ಮುಪ್ಪಿಗೆ ಅಷ್ಟು ಸಾಕು. ನೂರಿಯನ್ನು ಊರಿಗೆ ಸಾಗಿಸುವ ಮುಂಚೆ ಗ್ಲ್ಯಾಂಡರ್ಸ್ ರಕ್ತಪರೀಕ್ಷೆ ಮಾಡಿಸಿದೆ. ಆ ರೋಗ ಪತ್ತೆಯಾದರೆ ಕುದುರೆಯನ್ನು ಉಳಿಸಿಕೊಳ್ಳಲು ಕಾನೂನು ಬಿಡುವುದಿಲ್ಲ, ಮನುಷ್ಯರಿಗೂ ಅಂಟುತ್ತದೆ. ಮಹಬೂಬ್‌ನಗರದ ಮೇಲೆ ಮಕ್ತಲ್‌ಗೆ ಸುಮಾರು 170 ಕಿಲೋಮೀಟರು. ಲಾರಿಯ ಬಾಡಿಗೆಯನ್ನೂ ಪಿಂಚಣಿಯಿಂದಲೇ ತೆಗೆದೆ. ಉಯಿಲಿನಲ್ಲಿ ಒಂದು ಸಾಲು ಸೇರಿಸಿದ್ದೇನೆ. ನಮ್ಮ ಕಾನೂನಿನಲ್ಲಿ ಕುದುರೆಗೆ ಆಸ್ತಿ ಬಿಡಲಾಗದು, ಅದೇ ಒಂದು ಆಸ್ತಿ. ಹಾಗಾಗಿ ಕುದುರೆ ಯಾರಿಗೆ ಹೋಗುತ್ತದೋ ಪಿಂಚಣಿ ಖಾತೆಯ ಬಾಕಿಯೂ ಅವರಿಗೇ ಎಂದು ಬರೆಸಿದೆ. ಬ್ಯಾಂಕಿನಲ್ಲಿ ನಾಮಿನಿಯೂ ಅದೇ ವ್ಯಕ್ತಿ.

ತಮ್ಮನ ಮಗಳು ಈಗ ಹೈದರಾಬಾದಿನಲ್ಲಿ ಕೆಲಸಕ್ಕಿದ್ದಾಳೆ, ಕಾಲೇಜಿನಲ್ಲಿ ಎನ್‌ಸಿಸಿಯ ಕುದುರೆ ವಿಭಾಗವಾದ ಆರ್ ಅಂಡ್ ವಿಯಲ್ಲಿ ಕಲಿತವಳು. ದುಡ್ಡಿಲ್ಲದ ಮನೆಯ ಮಕ್ಕಳಿಗೆ ಕುದುರೆ ಹತ್ತಲು ನನಗೆ ಗೊತ್ತಿರುವ ಅತಿ ಅಗ್ಗದ ದಾರಿ ಅದು. ಸ್ವಂತ ಕುದುರೆ ಬೇಕಂತೆ. ಕೊಳ್ಳುವ ಮುಂಚೆ ಒಂದು ವರ್ಷ, ತಬೇಲಾದ ಬಾಡಿಗೆ ಎಷ್ಟೋ ಅಷ್ಟನ್ನು ಪ್ರತಿ ತಿಂಗಳು 1ನೇ ತಾರೀಖು ಬೇರೆ ಖಾತೆಗೆ ಹಾಕು ಎಂದೆ. ಕುದುರೆ ಇಲ್ಲದೆಯೇ ಕುದುರೆಯ ಖರ್ಚು. ದಸರೆಯ ತಿಂಗಳು ಕೈ ಬಿಗಿಯಾಯಿತು ಎಂದು ಗೊಣಗಿದಳು, ಆದರೂ ಹಾಕಿದಳು. ನಡುವೆ ಅರ್ಧ ಲೀಸಿಗೆ ಒಂದು ಕುದುರೆಯನ್ನೂ ನೋಡಿಟ್ಟಿದ್ದಾಳೆ. ನನ್ನ ಹಳೆಯ ಜೀನು ಕೇಳಿದ್ದಾಳೆ, ಕೊಡುತ್ತೇನೆ. ಅದು ನೂರಿಯ ಬೆನ್ನಿನ ಅಳತೆಗೆ ತುಂಬಿಸಿದ್ದು, ಅವಳು ನೋಡಿಟ್ಟ ಕುದುರೆಯ ಭುಜ ಅಗಲ. ಹೊಂದದಿದ್ದರೆ ಮರು ತುಂಬಿಸುವ ಖರ್ಚು ಅವಳದು.