ತೂಕಡಿಕೆಯೂ ಒಂದು ಅಮಲು

ನಮ್ಮ ಮನೆಗಳಲ್ಲಿ ಮದ್ಯ ಮುಟ್ಟುವುದಿಲ್ಲ. ಕುಡಿದು ವಾಹನ ಓಡಿಸುವವರನ್ನು ಕಂಡರೆ ನಾವು ಬೈಯುತ್ತೇವೆ. ಆದರೆ ನಿದ್ದೆಗೆಟ್ಟು ಓಡಿಸುವುದನ್ನು ಮಾತ್ರ ತಪ್ಪೆಂದು ಎಣಿಸುವುದಿಲ್ಲ.

ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನವು 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಮದ್ಯಸಾರ ಇರುವವರಷ್ಟೇ ಕುಗ್ಗುತ್ತದೆ ಎಂದು ಅಧ್ಯಯನಗಳು ತಿಳಿಸಿವೆ. ನಮ್ಮ ದೇಶದ ಕಾನೂನು ಚಾಲಕರಿಗೆ ಇಟ್ಟಿರುವ ಮಿತಿ 30 ಮಿ.ಗ್ರಾಂ. ಬೆಳಗ್ಗೆ 5ಕ್ಕೆ ಫಜ್ರ್‌ಗೆ ಎದ್ದವರಿಗೆ ರಾತ್ರಿ 10ಕ್ಕೆ ಆ 17 ಗಂಟೆ ತುಂಬುತ್ತದೆ. ಲೆಕ್ಕ ಹಾಕಿ ನೋಡಿ.

ನಮ್ಮ ಜಿಲ್ಲೆಯಲ್ಲಿ ಇದು ದೂರದ ಮಾತಲ್ಲ. ಕೋಲಾರದ ಮಾರುಕಟ್ಟೆಗೆ ಟೊಮೆಟೊ ಸಾಗಿಸುವವರಿದ್ದಾರೆ. ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಬಂದರೆ ಡ್ರೈವರ್‌ಗಳಿಗೆ ಹಗಲು ರಾತ್ರಿ ಒಂದೇ. ಮಾಲೂರಿನಿಂದ ಇಟ್ಟಿಗೆ ಹೊತ್ತು ಹೊರಡುವ ಲಾರಿಯವರಿದ್ದಾರೆ. ಮುಳಬಾಗಿಲಿನಲ್ಲಿ ಮದುವೆ ಊಟ ಮುಗಿಸಿ, ಮಕ್ಕಳನ್ನು ಹಿಂದೆ ಮಲಗಿಸಿಕೊಂಡು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಬೆಂಗಳೂರಿನ ಕಡೆ ಹೊರಡುವ ಕುಟುಂಬಗಳಿವೆ.

ನಿದ್ದೆ ಹೇಳಿ ಬರುವುದಿಲ್ಲ. ಕಣ್ಣು ತೆರೆದಂತೆಯೇ ಇದ್ದರೂ ಮಿದುಳು ಕೆಲವು ಸೆಕೆಂಡ್ ಮಲಗಿಬಿಡುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ಕಾರು 4 ಸೆಕೆಂಡಿನಲ್ಲಿ ಸುಮಾರು 90 ಮೀಟರ್ ಸಾಗುತ್ತದೆ. ಅಷ್ಟು ದೂರ ಅದನ್ನು ಯಾರೂ ಓಡಿಸುತ್ತಿರುವುದಿಲ್ಲ. ರಾತ್ರಿ 2ರಿಂದ ಬೆಳಗ್ಗೆ 6ರವರೆಗೆ ಮತ್ತು ಮಧ್ಯಾಹ್ನ ಊಟದ ನಂತರ 2ರಿಂದ 4ರವರೆಗೆ ಈ ಅಪಾಯ ಹೆಚ್ಚು.

ಈ ಸೂಚನೆಗಳನ್ನು ಗಮನಿಸಿ: ಮೇಲಿಂದ ಮೇಲೆ ಆಕಳಿಕೆ, ಕಣ್ಣು ಉರಿ, ತಲೆ ವಾಲುವುದು, ವಾಹನ ಪಕ್ಕಕ್ಕೆ ಸರಿಯುವುದು, ಈಗಷ್ಟೇ ದಾಟಿದ ಊರು ನೆನಪಾಗದಿರುವುದು. ಕಿಟಕಿ ತೆರೆದರೂ ಜೋರಾಗಿ ಮಾತಾಡಿದರೂ ನಿದ್ದೆ ಹೋಗದು. ಪೆಟ್ರೋಲ್ ಬಂಕ್, ಹೋಟೆಲ್ ಅಥವಾ ಮಸೀದಿಯ ಆವರಣದಲ್ಲಿ ವಾಹನ ನಿಲ್ಲಿಸಿ. ಹೆದ್ದಾರಿಯ ಅಂಚಿನಲ್ಲಿ ಬೇಡ. ಒಂದು ಲೋಟ ಚಹಾ ಕುಡಿದು 15–20 ನಿಮಿಷ ಮಲಗಿ. ಚಹಾ ಕೆಲಸ ಮಾಡಲು ಸುಮಾರು ಅರ್ಧ ಗಂಟೆ ಬೇಕು, ಅಷ್ಟರಲ್ಲಿ ಕಣ್ಣಿಗೂ ವಿಶ್ರಾಂತಿ ಸಿಗುತ್ತದೆ. ಇದು ಸ್ವಲ್ಪ ಹೊತ್ತಿನ ಪರಿಹಾರ ಅಷ್ಟೇ. ರಾತ್ರಿಯ ನಿದ್ದೆಗೆ ಬದಲಿ ಇಲ್ಲ.

ನೆಗಡಿ, ಅಲರ್ಜಿಯ ಕೆಲವು ಮಾತ್ರೆಗಳು ಮತ್ತು ಕೆಮ್ಮಿನ ಔಷಧಿಗಳು ಮಂಪರು ತರುತ್ತವೆ. ಕೊಳ್ಳುವಾಗಲೇ ಕೇಳಿಕೊಳ್ಳಿ. ಜೋರಾಗಿ ಗೊರಕೆ ಹೊಡೆದು, ಮಧ್ಯೆ ಉಸಿರು ಕಟ್ಟಿದಂತಾಗಿ, ಹಗಲಿಡೀ ತೂಕಡಿಸುವವರು ವೈದ್ಯರಿಗೆ ತೋರಿಸಬೇಕು. ಅದು ಚಿಕಿತ್ಸೆ ಇರುವ ಕಾಯಿಲೆ.

ರಮಝಾನ್‌ನಲ್ಲಿ ಇನ್ನಷ್ಟು ಎಚ್ಚರ ಬೇಕು. ತರಾವೀಹ್ ಮತ್ತು ಸಹರಿಯ ನಡುವೆ ನಿದ್ದೆ ಅರ್ಧವಾಗುತ್ತದೆ. ಸಂಜೆ ಇಫ್ತಾರ್‌ಗೆ ಮನೆ ಸೇರುವ ಅವಸರ ಬೇರೆ. ಗಾಡಿಯಲ್ಲಿ ನಾಲ್ಕು ಖರ್ಜೂರ, ಒಂದು ಬಾಟಲಿ ನೀರು ಇಟ್ಟುಕೊಳ್ಳಿ. ಮಗ್ರಿಬ್ ಆದರೆ ದಾರಿಯಲ್ಲೇ ನಿಲ್ಲಿಸಿ ಉಪವಾಸ ತೊರೆಯಿರಿ.

ನಮಾಝ್‌ನಲ್ಲಿ ತೂಕಡಿಕೆ ಬಂದರೆ ಅದು ಹೋಗುವ ತನಕ ಮಲಗಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ತೂಕಡಿಸುವವನಿಗೆ ತಾನು ಏನು ಹೇಳುತ್ತಿದ್ದೇನೆಂಬುದೇ ತಿಳಿಯದು. ಅಲ್ಲಾಹನ ಮುಂದೆ ನಿಂತವನಿಗೇ ಈ ರಿಯಾಯಿತಿ ಇರುವಾಗ, ಮಡದಿ ಮಕ್ಕಳನ್ನು ಕೂರಿಸಿಕೊಂಡು ಸ್ಟೇರಿಂಗ್ ಹಿಡಿದವನಿಗೆ ಮಲಗಲು ನಾಚಿಕೆ ಏಕೆ?

ಪಕ್ಕದಲ್ಲಿ ಕುಳಿತವರೂ "ಇನ್ನು ಸ್ವಲ್ಪ ದೂರ ತಾನೇ, ಹೋಗಿಬಿಡೋಣ" ಎನ್ನಬೇಡಿ. "ನಿಲ್ಲಿಸಿ, ಸ್ವಲ್ಪ ಮಲಗಿ" ಎನ್ನಿ. ಅರ್ಧ ಗಂಟೆ ತಡವಾದರೆ ಮನೆಯಲ್ಲಿ ಕಾಯುತ್ತಾರೆ.