ಫೋನಿನ ಅಲೆ: ಹೆದರಿಕೆ ಬೇಡ, ಎಚ್ಚರ ಇರಲಿ



ನಮ್ಮ ಕಲಿಕಾ ಕೇಂದ್ರಕ್ಕೆ ಬೀಡಿ ಕಟ್ಟುವ ಒಬ್ಬರು ಅಕ್ಕ ಬರುತ್ತಿದ್ದರು. ಒಂದು ದಿನ ತಲೆ ಹಿಡಿದುಕೊಂಡು ಕೂತಿದ್ದರು. "ಎಂತ ಆಯ್ತು ಅಕ್ಕ?" ಎಂದು ಕೇಳಿದೆ.

"ತಲೆನೋವು ಟೀಚರ್. ಗುಡ್ಡೆಯಲ್ಲಿ ಟವರ್ ಬಂದ ಮೇಲೆ ಶುರು ಆದದ್ದು. ಮಗ ತಂದ ಫೋನು ಬೇರೆ ಉಂಟು. ಅದರ ರೇಡಿಯೇಶನ್ನೇ ಇರಬೇಕು" ಎಂದರು.

ಹೆದರಿ ಅವರು ಫೋನನ್ನು ಹಟ್ಟಿಯ ಮಾಡಿಗೆ ಸಿಕ್ಕಿಸಿ ಇಡುತ್ತಿದ್ದರು. ಹಾಗೆ ಆರು ತಿಂಗಳು ಕಳೆದಿತ್ತು. ತಲೆನೋವು ಮಾತ್ರ ಹೋಗಲಿಲ್ಲ. ಕೊನೆಗೆ ನಾವಿಬ್ಬರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದೆವು. ನರ್ಸ್ ತೋಳಿಗೆ ಪಟ್ಟಿ ಕಟ್ಟಿ ಬಿ.ಪಿ. ನೋಡಿದರು. 180 ದಾಟಿತ್ತು! "ಇಷ್ಟು ದಿನ ಯಾಕೆ ಬರಲಿಲ್ಲ?" ಎಂದು ಡಾಕ್ಟರು ಕೇಳಿದರು. ಅಕ್ಕ ನನ್ನ ಮುಖ ನೋಡಿದರು. ಈಗ ದಿನಾ ಮಾತ್ರೆ ತೆಗೆದುಕೊಳ್ಳುತ್ತಾರೆ. ಉಪ್ಪು ಕಡಿಮೆ ಮಾಡಿದ್ದಾರೆ. ಫೋನು ಒಳಗೆ ಬಂದಿದೆ.

ಅವರು ಹೆದರಿದ್ದು ದಡ್ಡತನ ಅಲ್ಲ. ಕಾಸರಗೋಡಿನವರಾದ ನಮಗೆ ಕಣ್ಣಿಗೆ ಕಾಣದ ವಿಷದ ಅನುಭವ ಉಂಟು. ಸುಮಾರು 20 ವರ್ಷ ಇಲ್ಲಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಅದು ನಿಂತದ್ದು 2000ದ ಕೊನೆಗೆ. ಎಣ್ಮಕಜೆಯ ಪಡ್ರೆಯಂತಹ ಊರುಗಳ ಜನ ಪ್ರಶ್ನೆ ಕೇಳಿದರು, ಹೋರಾಡಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಅದನ್ನು ತಡೆಯಿತು. ಆದುದರಿಂದ ಪ್ರಶ್ನೆ ಕೇಳುವುದು ಒಳ್ಳೆಯದೇ. ಆದರೆ ಉತ್ತರವನ್ನೂ ಹುಡುಕಬೇಕು. ಎಲ್ಲ ಪ್ರಶ್ನೆಗೂ ಒಂದೇ ಉತ್ತರ ಇರುವುದಿಲ್ಲ.

ಅಲೆ ಎಂದರೇನು?

ಮಂಗಳೂರು ಆಕಾಶವಾಣಿಯನ್ನು ನೀವು ಕೇಳಿದ್ದೀರಿ ಅಲ್ಲವೇ? ಅಲ್ಲಿಂದ ನಮ್ಮ ಮನೆಗೆ ತಂತಿ ಇಲ್ಲ. ಹಾಡು ಹೇಗೆ ಬಂತು? ಕಾಣದ ಅಲೆಗಳ ಮೂಲಕ ಬಂತು. ಫೋನು ಕೆಲಸ ಮಾಡುವುದೂ ಅಂತಹ ಅಲೆಗಳಿಂದಲೇ. ಇದನ್ನು ವಿಕಿರಣ ಅಥವಾ ರೇಡಿಯೇಶನ್ ಎನ್ನುತ್ತಾರೆ.

ವಿಕಿರಣದಲ್ಲಿ ಎರಡು ಬಗೆ ಉಂಟು. ಎಕ್ಸ್-ರೇ ಒಂದು ಬಗೆ. ಅದಕ್ಕೆ ಶಕ್ತಿ ಬಹಳ. ಶರೀರದ ಜೀವಕೋಶವನ್ನು ಅದು ಕೆಡಿಸಬಲ್ಲದು. ಆದುದರಿಂದಲೇ ಎಕ್ಸ್-ರೇ ತೆಗೆಯುವವರು ಬೇರೆ ಕೋಣೆಯಲ್ಲಿ ನಿಲ್ಲುತ್ತಾರೆ. ಫೋನು, ರೇಡಿಯೋ, ವೈಫೈ ಇನ್ನೊಂದು ಬಗೆ. ಈ ಅಲೆಗಳಿಗೆ ಅಷ್ಟು ಶಕ್ತಿ ಇಲ್ಲ. ಅವು ಸ್ವಲ್ಪ ಬಿಸಿ ಮಾಡಬಲ್ಲವು, ಅಷ್ಟೆ.

ತಿಳಿದವರು ಏನು ಹೇಳುತ್ತಾರೆ?

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2011ರಲ್ಲಿ ಫೋನಿನ ಅಲೆಗಳನ್ನು "ಕ್ಯಾನ್ಸರ್ ತರಲೂಬಹುದು" ಎಂಬ ಸಂಶಯದ ಪಟ್ಟಿಗೆ ಸೇರಿಸಿತು. ಲೋಳೆಸರದ ಇಡೀ ಎಲೆಯ ಸಾರವೂ ಈಗ ಅದೇ ಪಟ್ಟಿಯಲ್ಲಿದೆ. ಆಮೇಲೆ 2024ರಲ್ಲಿ, ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದರು. ಫೋನಿಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧ ಕಂಡುಬರಲಿಲ್ಲ. ಹತ್ತು ವರ್ಷಕ್ಕಿಂತ ಹೆಚ್ಚು ಫೋನು ಬಳಸಿದವರಲ್ಲೂ ಕಂಡುಬರಲಿಲ್ಲ.

"ಕ್ಯಾನ್ಸರ್ ತರುವುದು ಖಚಿತ" ಎಂಬ ಇನ್ನೊಂದು ಪಟ್ಟಿ ಉಂಟು. ಅದರಲ್ಲಿ ಏನಿದೆ ಗೊತ್ತೇ? ಬೀಡಿ, ಸಿಗರೇಟು, ಹೊಗೆಸೊಪ್ಪು. ಅಡಿಕೆ ಕೂಡ ಇದೆ. ಅಡಿಕೆ ನಮ್ಮ ಊರಿನ ಅನ್ನ. ಬೀಡಿ ನಮ್ಮ ಎಷ್ಟೋ ಅಕ್ಕಂದಿರ ಸಂಬಳ. ಇದನ್ನು ಹೇಳುವುದು ನನಗೂ ಕಷ್ಟ. ಆದರೂ ಹೇಳಲೇಬೇಕು. ಬಾಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡು ಟವರಿಗೆ ಹೆದರಿದರೆ ಪ್ರಯೋಜನ ಇಲ್ಲ.

ಟವರ್ ದೂರ ಇದ್ದರೆ ಒಳ್ಳೆಯದೇ?

ಹಾಗೆ ಅನಿಸುತ್ತದೆ. ಆದರೆ ಟವರ್ ದೂರ ಇದ್ದರೆ ಸಿಗ್ನಲ್ ಕಡಿಮೆ. ದೂರದವರನ್ನು ಕರೆಯಲು ನಾವು ಬೊಬ್ಬೆ ಹಾಕುತ್ತೇವೆ. ಫೋನೂ ಹಾಗೆಯೇ. ಸಿಗ್ನಲ್ ಕಡಿಮೆ ಇದ್ದಲ್ಲಿ ಹೆಚ್ಚು ಬಲದಿಂದ ಅಲೆ ಬಿಡುತ್ತದೆ. ಹತ್ತಿರ ಟವರ್ ಇದ್ದರೆ ಮೆಲ್ಲನೆ ಮಾತನಾಡುತ್ತದೆ. 2012ರಲ್ಲಿ ನಮ್ಮ ದೇಶವು ಟವರಿನ ಅಲೆಯ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲಿ ಒಂದು ಪಾಲಿಗೆ ಇಳಿಸಿತು.

ನಾವು ಏನು ಮಾಡಬಹುದು?

ಒಲೆಯ ಹತ್ತಿರ ಕೂತರೆ ಬಿಸಿ. ಸ್ವಲ್ಪ ಹಿಂದೆ ಸರಿದರೆ ಬಿಸಿ ಕಡಿಮೆ. ಅಲೆಯೂ ಹಾಗೆ. ದೂರ ಎರಡು ಪಾಲಾದರೆ ಅಲೆಯ ಬಲ ಸುಮಾರು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಇದಕ್ಕೆ ಖರ್ಚು ಇಲ್ಲ.

1. ತುಂಬಾ ಹೊತ್ತು ಮಾತನಾಡುವುದಿದ್ದರೆ ಸ್ಪೀಕರ್ ಹಾಕಿ. ಇಲ್ಲವೇ ಇಯರ್‌ಫೋನ್ ಬಳಸಿ.
2. ಸಿಗ್ನಲ್ ಕಡಿಮೆ ಇದ್ದರೆ ಅಂಗಳಕ್ಕೆ ಬಂದು ಮಾತನಾಡಿ.
3. ಫೋನನ್ನು ತಲೆದಿಂಬಿನ ಅಡಿ ಇಡಬೇಡಿ. ಅಲ್ಲಿ ಬ್ಯಾಟರಿ ಬಿಸಿಯಾಗುತ್ತದೆ. ನಿದ್ದೆಯೂ ಕೆಡುತ್ತದೆ.
4. ಎದೆಯಲ್ಲಿ ಪೇಸ್‌ಮೇಕರ್ ಇಟ್ಟವರು ಫೋನನ್ನು ಅದರಿಂದ ಒಂದು ಗೇಣು ದೂರ ಇಡಿ. ಅಂಗಿಯ ಜೇಬು ಬೇಡ.
5. ಉಬ್ಬಿದ ಬ್ಯಾಟರಿ ಬಳಸಬೇಡಿ. ಗುಡುಗು ಮಿಂಚು ಇರುವಾಗ ಚಾರ್ಜಿಗೆ ಹಾಕಿದ ಫೋನಿನಲ್ಲಿ ಮಾತನಾಡಬೇಡಿ.
6. "ರೇಡಿಯೇಶನ್ ತಡೆಯುವ ಸ್ಟಿಕ್ಕರ್" ಎಂದು ಮಾರಲು ಬಂದರೆ ಹಣ ಕೊಡಬೇಡಿ. ಅದು ಅಲೆಯನ್ನು ತಡೆದರೆ ಫೋನು ಇನ್ನೂ ಹೆಚ್ಚು ಬಲ ಹಾಕುತ್ತದೆ.

ಮಾಡಿ ನೋಡಿ

ನಿಮ್ಮ ಫೋನಿನಲ್ಲಿ *#07# ಒತ್ತಿ. ಹೆಚ್ಚಿನ ಫೋನುಗಳಲ್ಲಿ ಒಂದೆರಡು ಸಂಖ್ಯೆ ಬರುತ್ತದೆ. ಶರೀರ ಎಷ್ಟು ಅಲೆ ಹೀರುತ್ತದೆ ಎಂಬುದರ ಲೆಕ್ಕ ಅದು. ನಮ್ಮ ದೇಶದಲ್ಲಿ ಇದರ ಮಿತಿ 1.6.

ಒಂದು ಫೋನಿನಲ್ಲಿ 1.185 ಎಂದು ಬಂತು. ಇದು 1.6ಕ್ಕಿಂತ ದೊಡ್ಡದೇ, ಸಣ್ಣದೇ? ಅಂಕೆಗಳು ಜಾಸ್ತಿ ಇವೆ ಎಂದು ಮೋಸ ಹೋಗಬೇಡಿ. ಚುಕ್ಕಿಯ ನಂತರದ ಮೊದಲ ಅಂಕೆ ನೋಡಿ. ಒಂದು ಕಡೆ 1, ಇನ್ನೊಂದು ಕಡೆ 6. ಆದುದರಿಂದ 1.185 ಸಣ್ಣದು. ಆ ಫೋನು ಮಿತಿಯ ಒಳಗೇ ಇದೆ. ಈಗ ನಿಮ್ಮ ಫೋನಿನ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದು ನೀವೇ ಹೋಲಿಸಿ.

ಹೊಸ ಪದಗಳು

ವಿಕಿರಣ – ರೇಡಿಯೇಶನ್
ಮಿತಿ – ಇದಕ್ಕಿಂತ ಹೆಚ್ಚಾಗಬಾರದು ಎಂಬ ಗೆರೆ
ಖಚಿತ – ಸಂಶಯ ಇಲ್ಲದ್ದು

ಯೋಚಿಸಿ, ಉತ್ತರಿಸಿ

1. ಅಕ್ಕನ ತಲೆನೋವಿಗೆ ಕಾರಣ ಏನಾಗಿತ್ತು?
2. ಸಿಗ್ನಲ್ ಕಡಿಮೆ ಇದ್ದಾಗ ಫೋನು ಏನು ಮಾಡುತ್ತದೆ?
3. ನೀವು ಕೊನೆಯ ಸಲ ಬಿ.ಪಿ. ನೋಡಿಸಿದ್ದು ಯಾವಾಗ?

ಮೂರನೆಯ ಪ್ರಶ್ನೆಗೆ ಉತ್ತರ ನೆನಪಿಲ್ಲವೇ? ಹಾಗಾದರೆ ಈ ವಾರವೇ ಆರೋಗ್ಯ ಕೇಂದ್ರಕ್ಕೆ ಹೋಗಿ ಬನ್ನಿ. ಹೋಗುವಾಗ ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ.